ಮಧ್ಯಾಹ್ನಕ್ಕೆ ಕರಗುವ ಸಾಕ್ಷಿ

“ಭಾಳಂದ್ರ ಇನ್ನೊಂದೂವರಿ ತಾಸು, ಸರ. ಆಮ್ಯಾಲೆ ನಿಮ್ಮ ಸಾಕ್ಷಿ ಎಣ್ಣಿ ಆಗಾಕ ಹತ್ತತೈತಿ.”

ಅಟ್ಟದ ಮೇಲೆ, ತಗಡಿನ ಮಾಡಿಗೆ ತಲೆ ತಾಗದಂತೆ ಬಗ್ಗಿ ಕುಳಿತಿದ್ದ ನನಗೆ ಈ ಮಾತು ಹೇಳಿದವಳು ಬಾಗಲಕೋಟೆಯ ಕಾಲೇಜಿನಿಂದ ಬಂದಿದ್ದ ಎಂಜಿನಿಯರ್ ಮಹೇಶ್ವರಿ. ನನ್ನ ಗಡಿಯಾರದಲ್ಲಿ ಹತ್ತೂವರೆ. ಇಪ್ಪತ್ತೊಂಬತ್ತು ವರ್ಷದ ಪೊಲೀಸ್ ನೌಕರಿಯಲ್ಲಿ ಸಾಕ್ಷಿ ತಿರುಗಿ ಬಿದ್ದದ್ದನ್ನು ಕಂಡಿದ್ದೇನೆ, ಸಾಕ್ಷಿ ಊರು ಬಿಟ್ಟು ಓಡಿದ್ದನ್ನೂ ಕಂಡಿದ್ದೇನೆ. ಬಿಸಿಲೇರಿದರೆ ಕರಗಿಹೋಗುವ ಸಾಕ್ಷಿ ಇದೇ ಮೊದಲು. ನಿವೃತ್ತಿಗೆ ಎಂಟು ತಿಂಗಳಿರುವಾಗ ಇಂಥದ್ದು ಈ ಸಬ್ ಇನ್ಸ್‌ಪೆಕ್ಟರ್ ತಿಮ್ಮಣ್ಣನ ಪಾಲಿಗೇ ಬರಬೇಕಿತ್ತು.

ಬೆಳಿಗ್ಗೆ ಆರಕ್ಕೆ ಇದೇ ಅಟ್ಟದಲ್ಲಿ, ಇಳಕಲ್ಲಿನ ಈ ನೇಕಾರರ ಸಂಘದ ಹಿರಿಯ ಮೇಸ್ತ್ರಿ ಈರಪ್ಪನ ಹೆಣ ಸಿಕ್ಕಿತ್ತು. ತಲೆಯ ಹಿಂದೆ ಪೆಟ್ಟು. ಕೊರಳಲ್ಲಿ ಸದಾ ಇರುತ್ತಿದ್ದ, ಇಷ್ಟಲಿಂಗವಿಟ್ಟ ಬೆಳ್ಳಿಯ ಕರಡಿಗೆ ಕಾಣೆ.

ನಿನ್ನೆ ಅಮಾವಾಸ್ಯೆ. ಅಮಾವಾಸ್ಯೆಗೆ ಮಗ್ಗ ಬಂದ್, ಹಾಗಾಗಿ ಇಡೀ ದಿನ ಇಲ್ಲಿ ನರಪಿಳ್ಳೆ ಇರಲಿಲ್ಲ. ಈರಪ್ಪ ಮಧ್ಯಾಹ್ನ ಉಂಡು, ಪ್ರತಿ ಅಮಾವಾಸ್ಯೆಯಂತೆ ಕೂಡಲಸಂಗಮಕ್ಕೆ ಹೋಗಿ ಅಲ್ಲೇ ಉಳಿಯುತ್ತೇನೆಂದು ಹೇಳಿ ಮನೆ ಬಿಟ್ಟಿದ್ದ. ಅವನನ್ನು ಯಾರೂ ಹುಡುಕಲಿಲ್ಲ. ಯಾವಾಗ ಸತ್ತ ಎಂದು ಡಾಕ್ಟರನ್ನು ಕೇಳಿದರೆ, ಅಟ್ಟದ ಶಾಖದಲ್ಲಿ ಹೇಳುವುದು ಕಷ್ಟ, ನಿನ್ನೆ ಮಧ್ಯಾಹ್ನದಿಂದ ನಡುರಾತ್ರಿಯೊಳಗೆ ಯಾವಾಗಲಾದರೂ ಆಗಿರಬಹುದು ಎಂದರು. ಅಷ್ಟನ್ನು ಹೇಳಲು ನನಗೆ ಡಾಕ್ಟರು ಯಾಕೆ ಬೇಕು?

ಹೊತ್ತನ್ನು ಖಚಿತವಾಗಿ ಹೇಳಿದವನು ಒಬ್ಬನೇ, ಸಂಘದ ಸೆಕ್ರೆಟರಿ ನಾಗಲಿಂಗ. ಅವನು ಈರಪ್ಪನ ಹೆಂಡತಿಯ ಸ್ವಂತ ತಮ್ಮ; ಅಕ್ಕನ ಗಂಡನನ್ನು ಈ ಕಡೆಯವರಂತೆ ಮಾವ ಎನ್ನುತ್ತಿದ್ದ. ನಿನ್ನೆ ರಾತ್ರಿ ಎಂಟಕ್ಕೆ ಈರಪ್ಪ ಗೇಟಿನೊಳಗೆ ಹೋಗುವುದನ್ನು ಕಣ್ಣಾರೆ ಕಂಡೆ, ಅಂಗಿಯ ಮೇಲೆ ಬೆಳ್ಳಿ ಹೊಳೆಯುತ್ತಿತ್ತು ಎಂದು ಅವನು ಬರೆಸಿದ್ದ. ರಾತ್ರಿ ಏಳರಿಂದ ಗೇಟಿನ ಕೀಲಿ ಇದ್ದದ್ದು ಕಾವಲುಗಾರ ಹನಮಪ್ಪನ ಹತ್ತಿರ. ಲೆಕ್ಕ ಸರಳವಾಯಿತು. ಬೆಳ್ಳಿಯ ಆಸೆಗೆ ಹನಮಪ್ಪ ಕೊಂದ. ಬೆಳಿಗ್ಗೆ ಎಂಟು ಗಂಟೆಗೆಲ್ಲ ಹನಮಪ್ಪ ನಮ್ಮ ಠಾಣೆಯ ಬೆಂಚಿನ ಮೇಲಿದ್ದ, ಸಂಜೆಯೊಳಗೆ ಹುನಗುಂದದ ಕೋರ್ಟಿಗೆ ಹಾಜರು ಮಾಡಿ ಎಂದು ಮೇಲಿನವರ ಫೋನು ಎರಡು ಸಲ ಬಂದಿತ್ತು.

ಅವನ ಹೆಂಡತಿ ಶಾರವ್ವ ಆಗಿನಿಂದ ನನ್ನ ಬೆನ್ನು ಬಿಟ್ಟಿಲ್ಲ. ಠಾಣೆಗೆ ಹೋದರೆ ಠಾಣೆಯ ಮೆಟ್ಟಿಲು, ಇಲ್ಲಿಗೆ ಬಂದರೆ ಇಲ್ಲಿಯ ಬಾಗಿಲು. ಕೈಯಲ್ಲಿ ಗಂಡನಿಗೆಂದು ಕಟ್ಟಿಕೊಂಡ ರೊಟ್ಟಿಯ ಬುತ್ತಿ, ಬಾಯಲ್ಲಿ ಒಂದೇ ಮಾತು: ಹಗಲೆಲ್ಲ ಅವ ಮನೆಯಲ್ಲಿ ಮಲಗಿದ್ದ, ರಾತ್ರಿ ಏಳಕ್ಕೆ ಕೆಲಸಕ್ಕೆ ಬಂದ, ಯಾರನ್ನೂ ಕಂಡಿಲ್ಲ. ಕುಳಿತುಕೊಳ್ಳವ್ವ ಅಂದರೆ ಕೂಡುವುದಿಲ್ಲ, ಮನೆಗೆ ಹೋಗವ್ವ ಅಂದರೆ ಹೋಗುವುದಿಲ್ಲ. ಬೈಯಲಿಕ್ಕೂ ಮನಸ್ಸು ಬಾರದಂಥ ಮುಖ ಅವಳದು. ಅದೇ ನನ್ನನ್ನು ಇನ್ನಷ್ಟು ರೇಗಿಸುತ್ತಿತ್ತು.

ಇಷ್ಟರಲ್ಲಿ ಈ ಮಹೇಶ್ವರಿ. ತಾನೇ ಹಾಕಿಸಿದ ಈ ಮಾಡಿನ ಮಹಿಮೆಯನ್ನು ಅವಳು ಮುಂಜಾನೆಯಿಂದ ನನಗೆ ಮೂರು ಸಲ ಹೇಳಿದ್ದಾಳೆ. ಕೊನೆಗೆ ನನ್ನ ತಲೆಗೆ ಹೊಕ್ಕದ್ದು ಇಷ್ಟು. ತಗಡಿನ ಅಡಿಯಲ್ಲಿ ಸಾಲಾಗಿ ಮೇಣ ತುಂಬಿದ ಚಪ್ಪಟೆ ಡಬ್ಬಿಗಳಿವೆ. ಒಂದೊಂದೂ ರೊಟ್ಟಿ ಬುಟ್ಟಿಯಷ್ಟು ಅಗಲ, ನಾಲ್ಕು ಬೆರಳು ಆಳ. ಮೂವತ್ತೊಂದು ಡಿಗ್ರಿಗೆ ಕರಗುವ ಮೇಣ ಅದು. ಹಗಲು ತಗಡು ಕಾದಾಗ ಆ ಶಾಖವನ್ನೆಲ್ಲ ಮೇಣ ಕುಡಿದು ಕರಗುತ್ತದೆ, ಕೆಳಗೆ ಮಗ್ಗದವರ ನೆತ್ತಿಗೆ ಬಿಡುವುದಿಲ್ಲ. ಸಂಜೆ ಆರಕ್ಕೆ ಗೋಡೆಯ ಕಿಂಡಿಗಳು ತಾವಾಗಿಯೇ ತೆರೆದುಕೊಳ್ಳುತ್ತವೆ, ತಂಗಾಳಿಗೆ ಮೇಣ ಶಾಖ ಬಿಟ್ಟು ಮತ್ತೆ ಗಟ್ಟಿಯಾಗುತ್ತದೆ. ವಿದ್ಯುತ್ತಿಲ್ಲ, ಫ್ಯಾನಿಲ್ಲ. ಏಪ್ರಿಲ್ಲಿನಲ್ಲೂ ಇಲ್ಲಿ ಕುಳಿತು ನೇಯಬಹುದು. ನಮ್ಮ ಠಾಣೆಗೆ ಯಾಕೆ ಇಂಥದ್ದು ಹಾಕುವುದಿಲ್ಲವೋ ದೇವರೇ ಬಲ್ಲ.

ನಾಲ್ಕನೇ ಮಗ್ಗದವರಿಗೆ ವಾರದಿಂದ ತಂಪು ಹತ್ತುತ್ತಿಲ್ಲ ಎಂದು ಈರಪ್ಪ ಅವಳಿಗೆ ಫೋನು ಮಾಡಿದ್ದನಂತೆ. ಅದಕ್ಕೇ ಬಂದಿದ್ದಳು. ಬಂದು ನೋಡಿದರೆ ಮೇಸ್ತ್ರಿಯ ಹೆಣ ಆಸ್ಪತ್ರೆಗೆ ಹೋಗಿತ್ತು. ಅಳುತ್ತಲೇ, ನಮ್ಮ ಕಣ್ಣೆದುರಿಗೇ, ಆ ಮಗ್ಗದ ಮೇಲಿನ ಎರಡು ಡಬ್ಬಿ ನೋಡಿದಳು. ಹದಿನಾಲ್ಕನೆಯದರ ಮುಚ್ಚಳಕ್ಕೆ ತಿರುಪುಗಳೇ ಇರಲಿಲ್ಲ, ಸುಮ್ಮನೆ ಮೇಲಿಟ್ಟಿದ್ದರು. ಬಿಳಿಯ ಮೇಣಕ್ಕೆ ಅವಳ ಸಲಾಕೆ ಇಳಿಸಿದಾಗ ತಳದ ಹತ್ತಿರ ಟಣ್ ಎಂದಿತು. ಬ್ಯಾಟರಿ ಹಿಡಿದು ನೋಡಿದರೆ ಮೇಣದ ಅಡಿಯಲ್ಲಿ ಮಸುಕು ಮಸುಕಾಗಿ ಬೆಳ್ಳಿಯ ಗುಂಡು, ಅದರ ಪಕ್ಕ ಹರಿದ ಶಿವದಾರ.

ಹದಿನೈದನೆಯದರಲ್ಲಿ ಬೇರೆ ಸಂಗತಿ. ಅಲ್ಲಿದ್ದದ್ದು ಮೇಣಬತ್ತಿಯ ಮೇಣ. ಐವತ್ತು ದಾಟಿದರೂ ಕರಗದು, ಹಾಗಾಗಿ ಶಾಖವನ್ನೂ ಕುಡಿಯದು. ಯಾರೋ ಒಳ್ಳೆಯದನ್ನು ತೆಗೆದು ಇದನ್ನು ತುಂಬಿದ್ದಾರೆ, ಇದು ನಾನು ಹಾಕಿದ್ದಲ್ಲ ಎಂದು ಮಹೇಶ್ವರಿ ಆಣೆ ಮಾಡಿದಳು. ಈರಪ್ಪ ಯಾಕೆ ಅಟ್ಟ ಹತ್ತಿದ್ದ ಎಂಬುದಕ್ಕೆ ಅಲ್ಲಿಗೆ ಉತ್ತರ ಸಿಕ್ಕಿತು.

“ಬೆಳ್ಳಿ ಸಿಕ್ತು, ಚಲೋ ಆತು. ತಗದು ಚೀಲಕ್ಕ ಹಾಕೂಣು,” ಎಂದೆ.

“ತಗೀಬ್ಯಾಡ್ರಿ, ಸರ. ಅದು ಎಲ್ಲಿ ಕುಂತೈತಿ ನೋಡ್ರಿ ಮೊದಲ. ಹಾಲು ಕಾಸಿ ಇಟ್ರ ಕೆನಿ ಎಲ್ಲಿ ಕಟ್ಟತೈತಿ?”

“ಮ್ಯಾಲೆ.”

“ಇದೂ ಹಂಗ. ಕಿಂಡಿ ತೆರೆದ ಮ್ಯಾಲೆ ತಗಡಿನ ಬುಡಕ ಗಾಳಿ ಆಡತೈತಿ, ಮೊದಲ ಮ್ಯಾಲಿನ ಪದರು ಗಟ್ಟಿ ಆಗತೈತಿ. ರಾತ್ರಿ ಎಂಟಕ್ಕ ಬಿದ್ದಿದ್ರ ಇದು ಮ್ಯಾಲ ಕುಂದರಬೇಕಿತ್ರಿ. ತಳಕ್ಕ ಇಳದೈತಿ, ಮ್ಯಾಲಿನ ಪದರು ಒಡದಿಲ್ಲ. ಅಂದ್ರ ಪೂರಾ ಎಣ್ಣಿ ಇದ್ದಾಗ ಬಿದ್ದೈತಿ.”

ಡಬ್ಬಿಯೊಳಗೆ ಶಾಖ ಬರೆದಿಡುವ ಬೆರಳುದ್ದದ ಯಂತ್ರವೊಂದಿತ್ತು. ಅದನ್ನು ತನ್ನ ಫೋನಿಗೆ ಜೋಡಿಸಿ ತೋರಿಸಿದಳು. ನಿನ್ನೆ ಈ ಡಬ್ಬಿಯ ಮೇಣ ತಳದವರೆಗೂ ನೀರಾಗಿದ್ದದ್ದು ಮಧ್ಯಾಹ್ನ ಎರಡೂಕಾಲರಿಂದ ಆರರವರೆಗೆ ಮಾತ್ರ.

ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಈರಪ್ಪ ಸತ್ತದ್ದು ಹಗಲು. ರಾತ್ರಿ ಎಂಟಕ್ಕೆ ಅವನನ್ನು ಕಂಡೆ ಎಂದವನು ಹೆಣ ನಡೆದಾಡಿದ್ದನ್ನು ಕಂಡಿರಬೇಕು. ಆದರೆ ಇಂದು ಮಧ್ಯಾಹ್ನ ಈ ಮೇಣ ಮತ್ತೆ ಕರಗಿತೋ, ಅದು ಯಾವಾಗ ಬಿದ್ದದ್ದೆಂದು ಹೇಳಲು ಏನೂ ಉಳಿಯುವುದಿಲ್ಲ.

ಆಗ ಶುರುವಾಯಿತು ನನ್ನ ಫಜೀತಿ. ಇಲಾಖೆಯ ಫೋಟೋಗ್ರಾಫರ್ ಬಾದಾಮಿಯಲ್ಲಿ ಅಳಿಯನ ಮನೆಯ ಕಾರ್ಯದಲ್ಲಿದ್ದಾನೆ, ಹೊರಟೆ ಸರ್ ಎಂದು ಒಂಬತ್ತರಿಂದ ಹೇಳುತ್ತಿದ್ದಾನೆ, ಇನ್ನೂ ಬಾದಾಮಿಯ ಬಸ್ ನಿಲ್ದಾಣ ಕೂಡ ದಾಟಿಲ್ಲ. ಬೆರಳಚ್ಚಿನವರು ಬಾಗಲಕೋಟೆಯಿಂದ ಬರಬೇಕು, ಅವರ ಜೀಪಿಗೆ ಡ್ರೈವರ್ ಇಲ್ಲ. ಜಪ್ತಿಗೆ ಸಾಕ್ಷಿ ಹಾಕಲು ಪಂಚರಾಗಿ ಎಂದು ಕರೆದ ಮೊದಲನೆಯ ನೇಕಾರ ಹುನಗುಂದಕ್ಕೆ ಎಷ್ಟು ಸಲ ಬರಬೇಕಾಗುತ್ತದೆ ಎಂದು ಕೇಳಿ, ಉತ್ತರಕ್ಕೂ ಕಾಯದೆ ಏಣಿ ಇಳಿದು ಹೋದ.

ಹೊಸ ಕಾನೂನಿನಂತೆ ಜಪ್ತಿಯನ್ನೆಲ್ಲ ಫೋನಿನಲ್ಲಿ ಚಿತ್ರ ಹಿಡಿಯಬೇಕು. ನನ್ನ ಫೋನು ತೆಗೆದರೆ ಜಾಗವಿಲ್ಲ ಎಂದು ತೋರಿಸಿತು. ಹೆಡ್ ಕಾನ್‌ಸ್ಟೇಬಲ್ ಶಾಹಿದಾ ಅದನ್ನು ಇಸಿದುಕೊಂಡು, ನನ್ನ ಬೀಗರು ಎರಡು ವರ್ಷದಿಂದ ಕಳಿಸಿದ ಶುಭೋದಯದ ಹೂವುಗಳನ್ನು ಒಂದೊಂದೇ ಅಳಿಸುತ್ತ ಕೂತಳು. ಹನ್ನೊಂದೂಕಾಲಕ್ಕೆ ಫೋನು ಖಾಲಿಯಾಯಿತು, ಇಬ್ಬರು ಪಂಚರೂ ಸಿಕ್ಕರು. ಡಬ್ಬಿಯನ್ನು ಕೆಳಗಿಳಿಸಿ, ಮಗ್ಗದ ಹಲಗೆಯ ಮೇಲೆ ಬೋರಲು ಹಾಕಿ ತಟ್ಟಿದೆವು. ಮೇಣದ ಅಚ್ಚು ಇಡಿಯಾಗಿ ಕಳಚಿ ಬಂತು, ತಳದಲ್ಲಿ ಕರಡಿಗೆ ಕೂತದ್ದು ಎಲ್ಲರಿಗೂ ಕಂಡಿತು.

ಬಾಗಿಲಲ್ಲಿ ಶಾರವ್ವ ಹಾಗೇ ನಿಂತಿದ್ದಳು. ನಿನ್ನೆ ಹಗಲು ಗಂಡ ಮನೆಯಲ್ಲಿದ್ದದ್ದು ಖರೆಯೇ ಎಂದು ಮತ್ತೊಮ್ಮೆ ಕೇಳಿದೆ. ಖರೆ ಎಂದಳು.

ನಾನು ಠಾಣೆಗೆ ಫೋನು ಮಾಡಿ ಹನಮಪ್ಪನನ್ನು ಬಿಟ್ಟುಬಿಡಿ ಎಂದೆ. ಶಾಹಿದಾ ಮೆಲ್ಲಗೆ, ಸಂಜೆಯವರೆಗೆ ಕೂರಿಸಿಕೊಂಡರೆ ಏನು ಹೋಗುತ್ತದೆ ಸರ್, ಅಕ್ಕಪಕ್ಕದ ಮನೆಯವರನ್ನೂ ಕೇಳೋಣ ಎಂದಳು. ಬೆಳಗಿನಿಂದ ಎಲ್ಲರೂ ನನಗೆ ಬುದ್ಧಿ ಹೇಳುವವರೇ. ಬಡವನನ್ನು ಸುಮ್ಮನೆ ಕೂಡಿಹಾಕಿ ನನಗೆ ಯಾವ ಪುಣ್ಯ ಬರಬೇಕಾಗಿದೆ ಎಂದು ಅವಳ ಮೇಲೆ ರೇಗಿದೆ.

ಆಮೇಲೆ ನಾಗಲಿಂಗನನ್ನು ಕರೆಸಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳವರೆಗೆ ಗುಂಡಿ ಹಾಕಿದ್ದ. ಆ ಸೆಕೆಯಲ್ಲಿ ಅವನನ್ನು ನೋಡಿಯೇ ನನಗೆ ಉಸಿರುಗಟ್ಟಿತು. ಪೊಲೀಸರಿಗೆ ಪೂರ್ತಿ ಸಹಕಾರ ಕೊಡುತ್ತೇನೆ ಎಂದು ಕೇಳದೆಯೇ ಮೂರು ಸಲ ಹೇಳಿದ.

“ಸೆಕ್ರೆಟರಿ ಸಾಹೇಬ್ರ, ನಿನ್ನೆ ನಿಮ್ಮ ಮಾವನ್ನ ಎಷ್ಟಕ್ಕ ಕಂಡ್ರಿ?”

“ಎಂಟಕ್ಕ. ಬರಿಸೇನಲ್ರಿ.”

“ಕರಡಿಗಿ ಕೊಳ್ಳಾಗ ಇತ್ತು?”

“ಇತ್ರಿ. ಗೇಟಿನ ಲೈಟಿಗೆ ಫಳಫಳ ಹೊಳಿತಿತ್ತು.”

ನಾನು ಹಲಗೆಯ ಮೇಲಿನ ಮೇಣವನ್ನು ತೋರಿಸಿದೆ. ಮಹೇಶ್ವರಿ ಕೆನೆಯ ಕಥೆಯನ್ನು ನಾಲ್ಕನೇ ಸಲ ಹೇಳಿದಳು, ಈ ಸಲ ಮಾತ್ರ ನನಗೆ ಬೇಸರವಾಗಲಿಲ್ಲ. ನಾಗಲಿಂಗ ಕೇಳುತ್ತ ಕೇಳುತ್ತ ಕೈವಸ್ತ್ರದಿಂದ ಹಣೆ ಒರೆಸಿಕೊಂಡ. ಎಂಟಲ್ಲ, ಏಳಿರಬಹುದು ಎಂದ. ಏಳಕ್ಕೂ ಮೇಲೆ ಪದರು ಕಟ್ಟಿತ್ತು ಎಂದಳು ಅವಳು. ಹಾಗಾದರೆ ಆರಿರಬಹುದು, ತನ್ನ ಗಡಿಯಾರ ಒಮ್ಮೊಮ್ಮೆ ಮುಂದೆ ಓಡುತ್ತದೆ ಎಂದ. ಆರಕ್ಕೆ ಗೇಟಿನ ಲೈಟು ಯಾರು ಹಚ್ಚಿದ್ದರು ಎಂದು ನಾನು ಕೇಳಿದೆ.

ಅಷ್ಟರಲ್ಲಿ ಹೊರಗೆ ಆಟೋ ನಿಂತಿತು. ಈರಪ್ಪನ ಹೆಂಡತಿ ಶಿವಲಿಂಗವ್ವ ಒಬ್ಬಳೇ ಇಳಿದು ಬಂದಳು. ಅತ್ತು ಅತ್ತು ಕಣ್ಣು ಬಾತಿದ್ದವು, ನಡಿಗೆ ಮಾತ್ರ ನೆಟ್ಟಗಿತ್ತು. ಲಿಂಗ ಸಿಕ್ಕಿದೆ ಎಂದು ಯಾರೋ ಹೇಳಿದರಂತೆ, ಒಯ್ಯಲು ಬಂದಿದ್ದಳು. ಗಂಡನ ಎಡಗೈಯಲ್ಲಿ ಅವನ ಲಿಂಗವನ್ನಿಟ್ಟು, ಹೊತ್ತು ಮುಳುಗುವ ಮೊದಲು ಮಣ್ಣು ಮಾಡಬೇಕು. ಕುಣಿ ತೋಡಿಯಾಗಿದೆ, ಸ್ವಾಮಿಗಳು ಬಂದು ಕೂತಿದ್ದಾರೆ. ಬರಿಗೈಯಲ್ಲಿ ಅವನನ್ನು ಹೇಗೆ ಕಳಿಸುವುದು?

ಜಪ್ತಿಯಾದ ವಸ್ತು ಕೋರ್ಟಿಗೆ ಹೋಗಬೇಕು, ಕೋರ್ಟು ಕೊಟ್ಟರೆ ಮಾತ್ರ ಕೈಗೆ ಸಿಗುತ್ತದೆ ಎಂದು ನಾನು ಹೇಳಬೇಕಾಯಿತು. ಹೇಳುವಾಗ ನನ್ನ ಮೇಲೆ ನನಗೇ ಹೇಸಿಕೆಯಾಯಿತು. ಆಕೆ ವಾದ ಮಾಡಲಿಲ್ಲ. ಒಮ್ಮೆ ಕೈಯಲ್ಲಿ ಹಿಡಿದು ನೋಡಲಾದರೂ ಕೊಡಿ ಎಂದಳು. ಗುರುತು ಹಿಡಿಸುವುದು ಹೇಗೂ ಬೇಕಿತ್ತು. ಅಷ್ಟೊತ್ತಿಗೆ ಮೇಣದ ಅಂಚು ಬೆವರತೊಡಗಿತ್ತು. ಚಿತ್ರವೆಲ್ಲ ಹಿಡಿದಾಗಿತ್ತು. ಶಾಹಿದಾ ಕರಡಿಗೆಯನ್ನು ಬಿಡಿಸಿ, ಬಟ್ಟೆಯ ಮೇಲಿಟ್ಟು ಆಕೆಗೆ ಕೊಟ್ಟಳು.

ಶಿವಲಿಂಗವ್ವ ಸೆರಗಿನಿಂದ ಮೇಣ ಒರೆಸಿದಳು. ಹಣೆಗೆ ಒತ್ತಿಕೊಳ್ಳಲು ಎತ್ತಿದ ಕೈ ನಡುವೆಯೇ ನಿಂತಿತು. ತಿರುಗಿಸಿ ಕೊಂಡಿಯನ್ನು ನೋಡಿದಳು. ಮತ್ತೆ ತಿರುಗಿಸಿದಳು.

“ಇದು ನಮ್ಮವರದಲ್ಲರಿ.”

ಕಟ್ಟಿದ ಕೇಸೆಲ್ಲ ಕುಸಿಯಿತೆಂದು ನನಗೆ ಎಂಥ ಸಿಟ್ಟು ಬಂತೆಂದರೆ, ದುಃಖದಲ್ಲಿದ್ದ ಹೆಂಗಸು ಎಂಬುದನ್ನೂ ಮರೆತು, ಬೆಳ್ಳಿ ಎಲ್ಲ ಒಂದೇ ನಮೂನೆ ಇರುತ್ತದೆ, ಸರಿಯಾಗಿ ನೋಡವ್ವ ಎಂದುಬಿಟ್ಟೆ.

“ಮುಂಜಾನಿಂದ ಬೆಳ್ಳಿ ಹೋತು, ಬೆಳ್ಳಿ ಹೋತು ಅನ್ನಾಕತ್ತೀರಿ, ಸಾಹೇಬ್ರ. ನಮ್ಮ ಮಂದಿಗೆ ಅದು ಬೆಳ್ಳಿ ಅಲ್ಲರಿ. ಇದಿಲ್ಲದ ಪೂಜಿ ಇಲ್ಲ, ಪೂಜಿ ಇಲ್ಲದ ಬಾಯಾಗ ನೀರಿಲ್ಲ. ಖಾಲಿ ಕೊಳ್ಳು ಇಟ್ಕೊಂಡು ಗಂಡಸು ಒಂದಿನ ಮನ್ಯಾಗ ಮುಚ್ಚಿಡಾಕ ಆಗೂದಿಲ್ಲ. ಹೆಂಡ್ತಿ ಕೇಳ್ತಾಳ.”

ಕಪಾಳಕ್ಕೆ ಹೊಡೆದಂತಾಯಿತು. ನಾನು ಪೊಲೀಸನ ಕಣ್ಣಿನಿಂದ ಬೆಳ್ಳಿಯನ್ನೇ ನೋಡಿದ್ದೆ, ಕೊರಳನ್ನು ನೋಡಿರಲಿಲ್ಲ. ಈರಪ್ಪನ ಕೊರಳಿನದನ್ನು ಒಯ್ದವನು ಕಳ್ಳನಲ್ಲ, ತನ್ನದನ್ನು ಕಳೆದುಕೊಂಡವನು.

ಪಂಚರಿಬ್ಬರ ಕೈಗಳೂ ತಮಗೆ ತಿಳಿಯದಂತೆ ಅವರವರ ಎದೆಗೆ ಹೋದವು. ನಾಗಲಿಂಗನ ಕೈ ಮಾತ್ರ ಏಳಲಿಲ್ಲ.

ಶಿವಲಿಂಗವ್ವ ಅವನ ಎದುರಿಗೆ ಹೋಗಿ ನಿಂತಳು.

“ಇದರ ಕೊಂಡಿ ಮುರದಾಗ ಪತ್ತಾರನ ಕಡೆ ಬೆಸಿಗಿ ಹಾಕಿಸಿದಾಕಿ ನಾನು. ನಿನ್ನ ಕೊಳ್ಳಿಗೆ ಕಟ್ಟಿದಾಕಿನೂ ನಾನು. ಬಿಚ್ಚು, ತಮ್ಮಾ. ಅವರು ಕಾಯಾಕತ್ತಾರ.”

ನಾಗಲಿಂಗ ಗುಂಡಿ ಬಿಚ್ಚಿದ. ಒಂದು, ಎರಡು, ಮೂರು. ಶಿವದಾರವನ್ನು ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಅಕ್ಕನ ಅಂಗೈಯಲ್ಲಿಟ್ಟ. ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಕಾನೂನಿನಂತೆ ಅದನ್ನೂ ನಾನು ಜಪ್ತಿ ಮಾಡಬೇಕು. ನನ್ನಿಂದಾಗಲಿಲ್ಲ, ಶಾಹಿದಾಳೂ ಮುಂದೆ ಬರಲಿಲ್ಲ.

“ಅಕ್ಕಾ, ನಾ ಮಾವನ್ನ ಕೊಂದಿಲ್ಲ,” ಎಂದ ನಾಗಲಿಂಗ. “ಮ್ಯಾಣ ನೀನ ಬದಲಿ ಮಾಡಿಸೀ ಅಂತ ಮಾವ ನನ್ನ ಮ್ಯಾಲೆ ಹೊರಿಸಿದ. ಜಗ್ಗಾಡಿದ್ವಿ, ಖರೆ. ನನ್ನ ಶಿವದಾರ ಹರದು ಕರಡಿಗಿ ಎಲ್ಲೋ ಬಿತ್ತು, ಆ ಡಬ್ಬ್ಯಾಗ ಅಂತ ಈಗ ಗೊತ್ತಾತು. ಸಿಟ್ಟಿಲೆ ಇಳದು ಹೋದೆ. ತಾಸು ಬಿಟ್ಟು ಹುಡಕಾಕ ತಿರಗಿ ಬಂದಾಗ ಮಾವ ಸತ್ತು ಬಿದ್ದಿದ್ದ.”

ಸತ್ತ ಭಾವನ ಕೊರಳಿಗೆ ಕೈ ಹಾಕುವಷ್ಟು ಪುರುಸೊತ್ತು ಇತ್ತು, ನಮಗೊಂದು ಫೋನು ಮಾಡಲು ಇರಲಿಲ್ಲ ಅಲ್ಲವೇ ಎಂದೆ. ಅವನು ನನ್ನನ್ನು ನೋಡಲಿಲ್ಲ. ಬಾಗಿಲ ಕಡೆ ನೋಡಿದ.

“ನಾ ಬಂದಾಗ ಏಣಿ ಇಳಿಯಾಕತ್ತಿದ್ದಾವ ಹನಮಪ್ಪ. ಕೈಯಾಗ ಮ್ಯಾಣದ ಡಬ್ಬಿಯ ತಿರುಪು ಇದ್ವು. ಅವ ನಂದು ಹೇಳಬಾರದು, ನಾ ಅವಂದು ಹೇಳಬಾರದು ಅಂತ ಮಾತಾಗಿತ್ತು. ಮುಂಜಾನಿ ನೀವು ಕೇಳಿದಾಗ ನಾನ ಮೊದಲ ಮಾತು ಮುರದೆ.”

ಮುಳುಗುವವನು ಪಕ್ಕದವನ ಕಾಲು ಹಿಡಿಯುತ್ತಾನೆ. ಇದು ಅಂಥದ್ದೇ ಸುಳ್ಳು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ, ತಿರುಪಿಲ್ಲದ ಆ ಮುಚ್ಚಳ ನೆನಪಾಗಿ, ಠಾಣೆಗೆ ಫೋನು ಹಚ್ಚಿದೆ.

ಬಿಟ್ಟು ಅರ್ಧ ತಾಸಾಯಿತು ಸರ್ ಎಂದ ಅಲ್ಲಿಯವನು. ಹೆಂಡತಿ ಊಟ ತರುತ್ತಾಳೆ, ಹೊರಗೆ ಕುಳಿತಿರು ಎಂದು ಹೇಳಿದೆವು, ಕೂಡಲಿಲ್ಲ. ಎದುರಿಗೆ ನಿಂತಿದ್ದ ಹುಬ್ಬಳ್ಳಿ ಬಸ್ಸು ಹತ್ತಿ ಹೋದ.

ಫೋನಿನಲ್ಲಿ ಅವನ ದನಿ ದೊಡ್ಡದು. ನನ್ನ ಹತ್ತಿರ ನಿಂತವರಿಗೆಲ್ಲ ಕೇಳಿಸಿತ್ತು. ಶಾರವ್ವ ಬುತ್ತಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು. ಬೆಳಗಿನಿಂದ ಕೂಡದೆ ನಿಂತಿದ್ದ ಹೆಂಗಸು ಈಗಲೂ ಕೂಡಲಿಲ್ಲ, ನೇರ ನನ್ನ ಮುಖ ನೋಡಿ ಹೇಳಿದಳು:

“ಸಾಹೇಬ್ರ, ನಿನ್ನಿ ಮಧ್ಯಾಹ್ನ ಅವ ಮನ್ಯಾಗ ಇರಲಿಲ್ಲರಿ.”